ಸೋಮವಾರ ಬೆಳಗ್ಗೆ ತೆರೆಯದ ಪುಟಗಳು: ವೇಗದ ಡಿಸ್ಕು, ನಿಧಾನದ ಡಿಸ್ಕು ಮತ್ತು ಒಂದು ಪ್ರಕರಣ

ಮೈಸೂರಿನ ಸರಸ್ವತೀಪುರಂನಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಒಂದು ಸಣ್ಣ ಕೇಂದ್ರ ಇದೆ. ಎರಡಂತಸ್ತಿನ ಹಳೆಯ ಮನೆ. ಕೆಳಗೆ ಸ್ಕ್ಯಾನರ್‌ಗಳು, ಮೇಲೆ ಪ್ರೂಫ್ ನೋಡುವವರು, ಹಿಂದಿನ ಕೋಣೆಯಲ್ಲಿ ಸರ್ವರ್‌ಗಳು. ಆ ಸರ್ವರ್‌ಗಳ ಜವಾಬ್ದಾರಿ ನನ್ನದು. 2022ರ ಆರಂಭದಲ್ಲಿ ಅಲ್ಲಿ ಒಂದು ತೊಂದರೆ ಶುರುವಾಯಿತು. ಅದು ಏನು, ಯಾಕೆ ಬಂತು, ಹೇಗೆ ಸರಿಹೋಯಿತು ಎಂಬುದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ವೇಗದ ಡಿಸ್ಕು ಮತ್ತು ನಿಧಾನದ ಡಿಸ್ಕು ಎರಡನ್ನೂ ಇಟ್ಟುಕೊಂಡು ಯಾವುದನ್ನು ಎಲ್ಲಿಡಬೇಕು ಎಂದು ಯೋಚಿಸುತ್ತಿರುವವರಿಗೆ ಇದರಿಂದ ಕೆಲವು ರಾತ್ರಿಗಳ ನಿದ್ದೆ ಉಳಿಯಬಹುದು.

ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಒಂದು ಎ4 ಅಳತೆಯ ಪುಟವನ್ನು 400 ಡಿಪಿಐನಲ್ಲಿ (ಇಂಚಿಗೆ 400 ಚುಕ್ಕಿ), ಪೂರ್ತಿ ಬಣ್ಣದಲ್ಲಿ, ಏನೂ ಕುಗ್ಗಿಸದೆ ಟಿಫ್ ಫೈಲಾಗಿ ಇಟ್ಟರೆ ಸುಮಾರು 46 ಎಂಬಿ ಆಗುತ್ತದೆ. ಇದನ್ನು ನಾವು ಮೂಲ ಪ್ರತಿ ಎನ್ನುತ್ತೇವೆ. ಅದರಿಂದ ಸುಮಾರು 1.5 ಎಂಬಿಯ ಒಂದು ಜೆಪೆಗ್ ತಯಾರಾಗುತ್ತದೆ, ಅದು ಓದುವ ಪ್ರತಿ. ಜೊತೆಗೆ 15 ಕೆಬಿಯ ಒಂದು ಥಂಬ್‌ನೇಲ್, ಅಂದರೆ ಪುಟದ ಪುಟ್ಟ ಚಿತ್ರ. ದಿನಕ್ಕೆ 3000 ಪುಟ ಸ್ಕ್ಯಾನ್ ಆಗುತ್ತದೆ. ವಾರಕ್ಕೆ ಆರು ದಿನ ಕೆಲಸ. ಅಂದರೆ ವಾರಕ್ಕೆ 830 ಜಿಬಿಯಷ್ಟು ಮೂಲ ಪ್ರತಿ ಹೊಸದಾಗಿ ಬಂದು ಬೀಳುತ್ತದೆ. ಆ ಹೊತ್ತಿಗೆ ಸುಮಾರು 15 ಲಕ್ಷ ಪುಟ, 70 ಟಿಬಿ ಸೇರಿತ್ತು.

ಇದನ್ನೆಲ್ಲ ಇಡುವುದಕ್ಕೆ ಆರು ಸರ್ವರ್. ಪ್ರತಿಯೊಂದರಲ್ಲಿ 8 ಟಿಬಿಯ ಆರು ಹಾರ್ಡ್ ಡಿಸ್ಕ್, 1.92 ಟಿಬಿಯ ಎರಡು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕ್ ನಿಧಾನದ್ದು, ಎಸ್‌ಎಸ್‌ಡಿ ವೇಗದ್ದು. ಆರನ್ನೂ ಸೇರಿಸಿ ಒಂದೇ ಸಂಗ್ರಹದಂತೆ ನಡೆಸುವುದು ಸೆಫ್ ಎಂಬ ಮುಕ್ತ ತಂತ್ರಾಂಶ. ಸೇಜ್ ವೀಲ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್‌ನಲ್ಲಿ ಪಿಎಚ್‌ಡಿಗಾಗಿ ಮಾಡಿದ ಕೆಲಸದಿಂದ ಹುಟ್ಟಿದ್ದು ಇದು. ಇದರ ಒಂದು ಗುಣ ನನಗೆ ತುಂಬ ಇಷ್ಟ. ಯಾವ ತುಂಡು ಯಾವ ಡಿಸ್ಕಿನಲ್ಲಿದೆ ಎಂದು ಬರೆದಿಟ್ಟ ದೊಡ್ಡ ಪಟ್ಟಿ ಎಲ್ಲೂ ಇರುವುದಿಲ್ಲ. ಕೇಳುವ ಕಂಪ್ಯೂಟರೇ ಕ್ರಶ್ ಎಂಬ ಲೆಕ್ಕ ಹಾಕಿ ಜಾಗ ಕಂಡುಹಿಡಿಯುತ್ತದೆ. ಪಟ್ಟಿ ಕಳೆದುಹೋಗುವ ಭಯವೇ ಇಲ್ಲ.

2019ರಲ್ಲಿ ನಾನು ಇದನ್ನು ಜೋಡಿಸಿದಾಗ ಮಾಡಿದ ಏರ್ಪಾಡು ಹೀಗಿತ್ತು. ಎಲ್ಲ ಫೈಲುಗಳೂ ಹಾರ್ಡ್ ಡಿಸ್ಕಿನಲ್ಲಿ, ಮೂರು ಮೂರು ಪ್ರತಿ. ಅದರ ಮುಂದೆ ಎಸ್‌ಎಸ್‌ಡಿಗಳನ್ನು ಕ್ಯಾಶ್ ಆಗಿ ನಿಲ್ಲಿಸಿದೆ. 6 ಟಿಬಿ ಮಿತಿ ಕೊಟ್ಟೆ. ಹೊಸದಾಗಿ ಬರೆದದ್ದು ಮೊದಲು ಎಸ್‌ಎಸ್‌ಡಿಗೆ ಹೋಗುತ್ತದೆ. ಮತ್ತೆ ಮತ್ತೆ ಕೇಳಿದ್ದು ಎಸ್‌ಎಸ್‌ಡಿಗೆ ಏರುತ್ತದೆ. ಯಾರೂ ಕೇಳದ್ದು ಕೆಳಗಿಳಿಯುತ್ತದೆ. ಯಾವುದು ಎಲ್ಲಿರಬೇಕು ಎಂದು ನಾವು ಯೋಚಿಸಬೇಕಾಗಿಲ್ಲ, ತಂತ್ರಾಂಶವೇ ನೋಡಿಕೊಳ್ಳುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಎರಡು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ದೂರು ಬಂತು. ಪ್ರೂಫ್ ನೋಡುವವರಲ್ಲಿ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. "ಪುಟ ತೆರೆಯೋದೇ ಇಲ್ಲ ಕಣಪ್ಪಾ. ಕಾದು ಕಾದು ಸಾಕಾಗುತ್ತೆ" ಅಂದರು. ನಾನು ಗ್ರಾಫ್ ನೋಡಿದೆ. ಇಡೀ ವಾರದ ಸರಾಸರಿ ಚೆನ್ನಾಗಿಯೇ ಇತ್ತು. ನೆಟ್‌ವರ್ಕ್ ಸ್ವಿಚ್ ಮೇಲೆ ಅನುಮಾನ ಬಂತು, ಕೇಬಲ್ ಬದಲಿಸಿದೆ. ಸೆಫ್ ತನ್ನ ಡೇಟಾವನ್ನು ತಾನೇ ಆಗಾಗ ಓದಿ ಪರೀಕ್ಷಿಸಿಕೊಳ್ಳುತ್ತದೆ, ಅದಕ್ಕೆ ಸ್ಕ್ರಬ್ ಎನ್ನುತ್ತಾರೆ. ಅದನ್ನು ರಾತ್ರಿ ಹೊತ್ತಿಗೆ ತಳ್ಳಿದೆ. ಎರಡು ವಾರ ಹೀಗೇ ಹೋಯಿತು. ಏನೂ ಬದಲಾಗಲಿಲ್ಲ.

"ಅಲ್ಲಿ ಕೂತು ಏನು ನೋಡ್ತೀಯಾ? ಸೋಮವಾರ ಬೆಳಗ್ಗೆ ಬಂದು ನನ್ನ ಪಕ್ಕ ಕೂತ್ಕೋ" ಅಂದರು ಅಕ್ಕ.

ಸೋಮವಾರ ಹೋಗಿ ಕೂತೆ. ಒಂದು ಪುಸ್ತಕ ತೆರೆದರು. ಥಂಬ್‌ನೇಲ್‌ಗಳು ಒಂದೊಂದಾಗಿ, ತೊಟ್ಟಿಕ್ಕಿದ ಹಾಗೆ ಬಂದವು. ಪುಟವೊಂದನ್ನು ಒತ್ತಿದರೆ ಅರ್ಧ ನಿಮಿಷ. ಅವರು ಅಷ್ಟರಲ್ಲಿ ಕೈಯಲ್ಲಿದ್ದ ಕಾಗದದ ಪ್ರತಿ ತಿರುವುತ್ತಿದ್ದರು, ಅಭ್ಯಾಸವಾಗಿಬಿಟ್ಟಿತ್ತು. ನನಗೆ ಬಹಳ ಬೇಜಾರಾಯಿತು. "ದಿನಾ ಹೀಗೇನಾ ಅಕ್ಕ?" ಎಂದು ಕೇಳಿದೆ. "ಇಲ್ಲಪ್ಪಾ. ಸೋಮವಾರ ಮಾತ್ರ. ಊಟದ ಹೊತ್ತಿಗೆ ಸರಿಹೋಗುತ್ತೆ" ಅಂದರು.

ಸೋಮವಾರ ಮಾತ್ರ. ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ವಾರದ ಸರಾಸರಿಯಲ್ಲಿ ಅರ್ಧ ದಿನದ ನೋವು ಕಾಣಿಸುವುದಿಲ್ಲ. ಭಾನುವಾರ ನಮ್ಮಲ್ಲಿ ಏನು ನಡೆಯುತ್ತದೆ? ಯಾರೂ ಇರುವುದಿಲ್ಲ. ಆದರೆ ಶನಿವಾರ ರಾತ್ರಿ ಎಂಟಕ್ಕೆ ಚೆಕ್‌ಸಮ್ ಪರೀಕ್ಷೆ ಶುರುವಾಗುತ್ತದೆ. ಪ್ರತಿ ಫೈಲಿನಿಂದ ಒಂದು ಅಂಕಿ ಲೆಕ್ಕ ಹಾಕಿ, ಮೊದಲು ಬರೆದಿಟ್ಟ ಅಂಕಿಗೆ ಹೋಲಿಸುವುದು ಅದು. ಮೂಲ ಪ್ರತಿಗಳು ಕೆಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳುವುದಕ್ಕೆ ವಾರಕ್ಕೆ ಕಾಲು ಭಾಗದಂತೆ ಎಲ್ಲವನ್ನೂ ಓದುತ್ತೇವೆ. ಕಾಲು ಭಾಗ ಅಂದರೆ 17 ಟಿಬಿಗೂ ಜಾಸ್ತಿ. ಅದು ಮುಗಿಯುವುದು ಭಾನುವಾರ ರಾತ್ರಿ.

ಈಗ ಕ್ಯಾಶ್‌ನ ಕಡೆಯಿಂದ ನೋಡಿ. ಸೆಫ್ ಪ್ರತಿ ಫೈಲನ್ನೂ 4 ಎಂಬಿಯ ತುಂಡುಗಳಾಗಿ ಇಡುತ್ತದೆ. ನಮ್ಮ ಪರೀಕ್ಷೆಯ ಪ್ರೋಗ್ರಾಂ ಒಂದೊಂದೇ ಎಂಬಿ ಓದುತ್ತದೆ. ಹಾಗಾಗಿ ಒಂದೇ ತುಂಡನ್ನು ಕ್ಷಣ ಮಾತ್ರದಲ್ಲಿ ನಾಲ್ಕು ಸಲ ಮುಟ್ಟಿದಂತಾಗುತ್ತದೆ. ಕ್ಯಾಶ್‌ಗೆ ಕಾಣುವುದು ಇಷ್ಟೇ: ಇದನ್ನು ಯಾರೋ ಮತ್ತೆ ಮತ್ತೆ ಕೇಳುತ್ತಿದ್ದಾರೆ, ಮೇಲಕ್ಕೆ ತರಬೇಕು. 6 ಟಿಬಿಯ ಜಾಗದ ಮೂಲಕ 17 ಟಿಬಿ ಹಾದುಹೋಯಿತು. ಸುಮಾರು ಮೂರು ಸಲ ಪೂರ್ತಿ ತುಂಬಿ, ಪೂರ್ತಿ ಖಾಲಿಯಾಯಿತು. ಶನಿವಾರದ ತನಕ ಅಲ್ಲಿದ್ದ ಅಕ್ಕನ ಪುಟಗಳು, ಥಂಬ್‌ನೇಲ್‌ಗಳು ಎಲ್ಲ ಕೆಳಗೆ ಹೋದವು. ಅವುಗಳ ಜಾಗದಲ್ಲಿ ಯಾರೂ ಈ ವರ್ಷ ತೆರೆಯದ ಪುಸ್ತಕಗಳು ಬಂದು ಕೂತವು. ಸೋಮವಾರ ಬೆಳಗ್ಗೆ ಇಪ್ಪತ್ತು ಜನ ಬಂದು ಒಟ್ಟಿಗೇ ಕೇಳಿದಾಗ ಎಲ್ಲವನ್ನೂ ಮತ್ತೆ ಹಾರ್ಡ್ ಡಿಸ್ಕಿನಿಂದ ತೆಗೆದು, ಎಸ್‌ಎಸ್‌ಡಿಗೆ ಮೂರು ಪ್ರತಿ ಬರೆದು, ಆಮೇಲೆ ಕೊಡಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಬೇಕಾದದ್ದು ಮೇಲೆ ಬಂದಿರುತ್ತಿತ್ತು.

ಹಾರ್ಡ್ ಡಿಸ್ಕ್ ಯಾಕೆ ಅಷ್ಟು ತಡ ಮಾಡಿತು ಎಂಬ ಲೆಕ್ಕವನ್ನು ಇಲ್ಲೇ ಹಾಕೋಣ, ಮುಂದಿನ ತೀರ್ಮಾನಕ್ಕೆಲ್ಲ ಅದೇ ಆಧಾರ. ನಮ್ಮ ಡಿಸ್ಕುಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಸ್ವಲ್ಪ ಜಾಸ್ತಿ. ತಲೆ ಅಲ್ಲಿಗೆ ಸರಿಯುವುದಕ್ಕೆ ಇನ್ನೂ ಎಂಟೋ ಒಂಬತ್ತೋ ಮಿಲಿಸೆಕೆಂಡ್. ಒಟ್ಟು ಹನ್ನೆರಡು ಹದಿಮೂರು. ಹೀಗಾಗಿ ಅಲ್ಲೊಂದು ಇಲ್ಲೊಂದು ಎಂದು ಚದುರಿದ ಸಣ್ಣ ಓದುಗಳನ್ನು ಒಂದು ಡಿಸ್ಕ್ ಸೆಕೆಂಡಿಗೆ ಸುಮಾರು 80 ಮಾತ್ರ ಮಾಡಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಹತ್ತಾರು ಸಾವಿರ ಮಾಡುತ್ತದೆ. ಆದರೆ ಅದೇ ಹಾರ್ಡ್ ಡಿಸ್ಕಿಗೆ ಒಂದು ದೊಡ್ಡ ಫೈಲನ್ನು ಒಂದೇ ಸಮನೆ ಓದು ಅಂದರೆ ಸೆಕೆಂಡಿಗೆ 150 ರಿಂದ 200 ಎಂಬಿ ಕೊಡುತ್ತದೆ. ಆಗ ಅದು ನಿಧಾನವೇ ಅಲ್ಲ.

ನಮ್ಮಜ್ಜಿಯ ಊರು ಮಳವಳ್ಳಿ ಕಡೆ. ಅಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ದೊಡ್ಡ ಗುಂಡಿ. ವರ್ಷಗಟ್ಟಲೆ ಇಟ್ಟರೂ ರಾಗಿಗೆ ಹುಳ ಹಿಡಿಯುವುದಿಲ್ಲ. ಆದರೆ ಬೇಕೆಂದಾಗ ಹೋಗಿ ಕೈ ಹಾಕುವ ಹಾಗಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ದೀಪ ಇಳಿಸಿ ನೋಡಬೇಕು, ಆಮೇಲೆ ಆಳು ಇಳಿಯಬೇಕು. ಇಳಿದ ಮೇಲೆ ಮೂಟೆ ಮೂಟೆಯೇ ಬರುತ್ತದೆ. ದಿನದ ಮುದ್ದೆಗೆ ಬೇಕಾದ ಹಿಟ್ಟು ಅಡುಗೆಮನೆಯ ಡಬ್ಬದಲ್ಲಿ ಇರುತ್ತದೆ. ಒಂದು ಸೇರು ರಾಗಿಗಾಗಿ ಯಾರೂ ಹಗೇವು ತೆಗೆಯುವುದಿಲ್ಲ. ಡಬ್ಬಕ್ಕೆ ಎಷ್ಟು ಬೇಕು, ಯಾವಾಗ ಬೇಕು ಎಂದು ಅಜ್ಜಿಗೆ ಗೊತ್ತಿತ್ತು. ಹಗೇವಿನಲ್ಲಿ ಹುಳ ಬಿದ್ದಿದೆಯಾ ಎಂದು ನೋಡುವುದಕ್ಕೆ ಹೋದವರು ಅಲ್ಲಿನ ರಾಗಿಯನ್ನೆಲ್ಲ ಡಬ್ಬಕ್ಕೆ ಸುರಿದರೆ ಹೇಗಿರುತ್ತದೆಯೋ, ನಮ್ಮ ಕ್ಯಾಶ್ ಮಾಡುತ್ತಿದ್ದದ್ದು ಅದೇ. ಅದು ಎಷ್ಟು ಸಲ ಮುಟ್ಟಿದರು ಎಂದು ಎಣಿಸುತ್ತದೆ. ಯಾಕೆ ಮುಟ್ಟಿದರು ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಎಣಿಕೆಯ ನಿಯಮವನ್ನು ಬಿಗಿ ಮಾಡಬಹುದಿತ್ತು. ಇಂತಿಷ್ಟು ಅವಧಿಗಳಲ್ಲಿ ಕೇಳಿದ್ದರೆ ಮಾತ್ರ ಮೇಲಕ್ಕೆ ತಾ ಎಂದು ಹೇಳುವ ಅವಕಾಶ ಇದೆ. ಯೋಚಿಸಿ ಬಿಟ್ಟೆ. ಬಿಗಿ ಮಾಡಿದರೆ ಹೊಸದಾಗಿ ತೆರೆದ ಪುಸ್ತಕ ಮೇಲೆ ಬರುವುದಕ್ಕೂ ತಡವಾಗುತ್ತದೆ. ಇಂಥ ಕ್ಯಾಶ್ ಹೆಚ್ಚಿನ ಕೆಲಸಗಳಲ್ಲಿ ವೇಗವನ್ನು ಕಡಿಮೆಯೇ ಮಾಡುತ್ತದೆ ಎಂದು ಸೆಫ್‌ನ ದಾಖಲೆಗಳೂ ಮೊದಲಿನಿಂದ ಎಚ್ಚರಿಸುತ್ತಿದ್ದವು. ಮುಂದೆ 2023ರ ರೀಫ್ ಆವೃತ್ತಿಯಲ್ಲಿ ಇನ್ನು ಇದನ್ನು ಬಳಸಬೇಡಿ ಎಂದೇ ಘೋಷಿಸಿದರು.

ನಾನು ಅಕ್ಕನನ್ನೇ ಕೇಳಿದೆ, ಒಂದು ಪುಸ್ತಕವನ್ನು ನೀವು ಎಷ್ಟು ದಿನ ಮುಟ್ಟುತ್ತೀರಿ ಅಂತ. "ಎರಡು ವಾರ, ಹೆಚ್ಚೆಂದರೆ ಮೂರು. ಮುಗೀತು ಅಂತ ಗುರುತು ಹಾಕ್ತೀವಲ್ಲ, ಆಮೇಲೆ ಮೂಲ ಪ್ರತಿ ಕಡೆ ತಿರುಗಿಯೂ ನೋಡಲ್ಲ. ಓದುವ ಪ್ರತಿ ಮಾತ್ರ ಯಾರಾದರೂ ಕೇಳ್ತಾನೇ ಇರ್ತಾರೆ" ಅಂದರು. ಯಾವ ಎಣಿಕೆಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಡೇಟಾ ಯಾವಾಗ ತಣ್ಣಗಾಗುತ್ತದೆ ಎಂಬುದು ನಮ್ಮ ಕೆಲಸದ ಪಟ್ಟಿಯಲ್ಲೇ ಬರೆದಿತ್ತು. ಮುಗಿದಿದೆ ಎಂಬ ಆ ಒಂದು ಗುರುತೇ ನಮಗೆ ಬೇಕಾದ ಸೂಚನೆ.

ಆದ್ದರಿಂದ ಕ್ಯಾಶ್ ತೆಗೆದು, ಜಾಗವನ್ನು ನಾವೇ ತೀರ್ಮಾನಿಸುವುದು ಎಂದಾಯಿತು. 2017ರ ಲ್ಯೂಮಿನಸ್ ಆವೃತ್ತಿಯಿಂದ ಸೆಫ್ ಪ್ರತಿ ಡಿಸ್ಕಿಗೂ ಅದರ ಜಾತಿ ಯಾವುದೆಂದು ಗುರುತು ಹಾಕಿಕೊಳ್ಳುತ್ತದೆ. ಡೇಟಾವನ್ನು ಪೂಲ್ ಎಂಬ ಬೇರೆ ಬೇರೆ ಗುಂಪುಗಳಾಗಿ ಇಟ್ಟು, ಈ ಪೂಲ್ ಎಸ್‌ಎಸ್‌ಡಿಯಲ್ಲಿ ಮಾತ್ರ ಇರಲಿ, ಆ ಪೂಲ್ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇರಲಿ ಎಂದು ನಿಯಮ ಬರೆಯಬಹುದು. ಫೈಲ್ ಸಿಸ್ಟಂನಲ್ಲಿ ಒಂದೊಂದು ಡೈರೆಕ್ಟರಿಗೆ, ಅಂದರೆ ಫೋಲ್ಡರಿಗೆ, ಒಂದೊಂದು ಪೂಲ್ ಗೊತ್ತುಮಾಡಬಹುದು. ನಾವು ಮೂರು ಮಾಡಿದೆವು. ಕೆಲಸ ನಡೆಯುತ್ತಿರುವ ಮೂಲ ಪ್ರತಿಗಳಿಗೆ ಒಂದು, ಎಸ್‌ಎಸ್‌ಡಿಯಲ್ಲಿ. ಓದುವ ಪ್ರತಿ ಮತ್ತು ಥಂಬ್‌ನೇಲ್‌ಗಳಿಗೆ ಇನ್ನೊಂದು, ಅದೂ ಎಸ್‌ಎಸ್‌ಡಿಯಲ್ಲಿ. ಮುಗಿದ ಮೂಲ ಪ್ರತಿಗಳಿಗೆ ಮೂರನೆಯದು, ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೆ ಹಗೇವು ಎಂದೇ ಹೆಸರಿಟ್ಟೆವು.

ಹೀಗೆ ಮಾಡುವಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಫೈಲುಗಳ ಹೆಸರು, ಗಾತ್ರ, ದಿನಾಂಕ ಇರುವ ಮೆಟಾಡೇಟಾ ಪೂಲನ್ನು ನಾನು 2019ರಲ್ಲಿ ಮೂಲ ನಿಯಮದಲ್ಲೇ ಬಿಟ್ಟಿದ್ದೆ. ಆ ನಿಯಮ ಜಾತಿ ನೋಡುವುದಿಲ್ಲ, ಡಿಸ್ಕಿನ ಗಾತ್ರ ನೋಡಿ ಹಂಚುತ್ತದೆ. ನಮ್ಮಲ್ಲಿ ಹಾರ್ಡ್ ಡಿಸ್ಕ್ 288 ಟಿಬಿ, ಎಸ್‌ಎಸ್‌ಡಿ 23 ಟಿಬಿ. ಹೆಚ್ಚುಕಡಿಮೆ ಎಲ್ಲವೂ ಹಾರ್ಡ್ ಡಿಸ್ಕಿಗೇ ಹೋಗಿತ್ತು. ಮೂರು ಪ್ರತಿ ಬರೆಯುವಾಗ ಮೂರೂ ಮುಗಿದ ಮೇಲೆಯೇ ಕೆಲಸ ಆಯಿತು ಎಂಬ ಉತ್ತರ ಬರುತ್ತದೆ. ಒಂದು ಪ್ರತಿ ಎಸ್‌ಎಸ್‌ಡಿಯಲ್ಲಿದ್ದು ಏನು ಪ್ರಯೋಜನ? ಅದನ್ನು ಮೊದಲ ದಿನವೇ ಎಸ್‌ಎಸ್‌ಡಿಗೆ ಸರಿಸಿದೆ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ ಎಂದು ಯಾರಿಗಾದರೂ ಹೇಳುತ್ತೇನೆ. ಗಾತ್ರದಲ್ಲಿ ಸಣ್ಣದು, ಪರಿಣಾಮ ದೊಡ್ಡದು.

ಹಗೇವಿಗೆ ಮೂರು ಪ್ರತಿ ಬೇಡ ಎಂದುಕೊಂಡೆವು. ಬದಲಿಗೆ ಇರೇಜರ್ ಕೋಡಿಂಗ್, 4+2. ಡೇಟಾವನ್ನು ನಾಲ್ಕು ತುಂಡು ಮಾಡಿ, ಲೆಕ್ಕದಿಂದ ಇನ್ನೆರಡು ತುಂಡು ತಯಾರಿಸಿ, ಆರು ಸರ್ವರ್‌ಗೆ ಒಂದೊಂದು ಕೊಡುವುದು. ಯಾವ ಎರಡು ಕಳೆದರೂ ಉಳಿದ ನಾಲ್ಕರಿಂದ ಎಲ್ಲವನ್ನೂ ಮತ್ತೆ ಕಟ್ಟಬಹುದು. ಮೂರು ಪ್ರತಿಯಲ್ಲಿ 1 ಟಿಬಿಗೆ 3 ಟಿಬಿ ಬೇಕು, ಇದರಲ್ಲಿ 1.5 ಸಾಕು. 288 ಟಿಬಿಯಲ್ಲಿ ಮೊದಲು 96 ಟಿಬಿ ಇಡಬಹುದಿತ್ತು, ಈಗ 192. ಬೆಲೆ ಬೇರೆ ರೀತಿಯಲ್ಲಿ ಕೊಡಬೇಕು. ಓದುವಾಗಲೆಲ್ಲ ನಾಲ್ಕು ಡಿಸ್ಕ್ ಅಲುಗಾಡಬೇಕು. ಆದ್ದರಿಂದ ಸಣ್ಣ ಫೈಲುಗಳಿಗೆ ಇದು ಸರಿಯಲ್ಲ. 2019ರಲ್ಲಿ ಕಟ್ಟಿದ ನಮ್ಮ ಹಾರ್ಡ್ ಡಿಸ್ಕುಗಳಲ್ಲಿ ಎಷ್ಟೇ ಸಣ್ಣ ತುಂಡಾದರೂ ಹಿಡಿಯುವ ಕನಿಷ್ಠ ಜಾಗ 64 ಕೆಬಿ. 15 ಕೆಬಿಯ ಥಂಬ್‌ನೇಲ್ ಇಟ್ಟರೆ ಆರು ಕಡೆ ಸೇರಿ 384 ಕೆಬಿ ನುಂಗುತ್ತದೆ. 2021ರ ಪೆಸಿಫಿಕ್ ಆವೃತ್ತಿಯಿಂದ ಇದು 4 ಕೆಬಿ ಆಗಿದೆ. ಆದರೆ ಹಳೆಯ ಡಿಸ್ಕನ್ನು ಅಳಿಸಿ ಮತ್ತೆ ಕಟ್ಟಿದರೆ ಮಾತ್ರ ಅದು ಅನ್ವಯವಾಗುತ್ತದೆ.

ಇಷ್ಟರಲ್ಲಿ ಕೇಂದ್ರದ ಸಭೆಯಲ್ಲಿ ಒಂದು ಪ್ರಶ್ನೆ ಬಂತು. ಓದುವ ಪ್ರತಿ ಇದೆಯಲ್ಲ, ಯಾರೂ ಮುಟ್ಟದ 70 ಟಿಬಿಯನ್ನು ಯಾಕೆ ಇಟ್ಟುಕೊಳ್ಳಬೇಕು? ಅಲ್ಲಿ ನಾನು ನೆನಪಿಸಿದ್ದು ಈ ಊರಿನದೇ ಕಥೆ. 1905ರಲ್ಲಿ ನಮ್ಮ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದರು, 1909ರಲ್ಲಿ ಅಚ್ಚು ಮಾಡಿಸಿದರು. ಎಷ್ಟೋ ಕಾಲ ಯಾರೂ ಬಿಚ್ಚದೆ ಇದ್ದ ಗರಿಗಳು ಅವು. ಯಾರೋ ಉಳಿಸಿಕೊಂಡಿದ್ದರು, ಅಷ್ಟೇ. ಕೇಳುವವರಿಲ್ಲ ಎಂಬ ಕಾರಣಕ್ಕೆ ನಿಧಾನದ ಡಿಸ್ಕಿಗೆ ಕಳಿಸಬಹುದು. ಅಳಿಸುವುದಕ್ಕೆ ಅದು ಕಾರಣವೇ ಅಲ್ಲ. ಸಭೆ ಒಪ್ಪಿತು.

ಸಾಗಿಸುವ ಕೆಲಸ ನಾನು ಎಣಿಸಿದ್ದಕ್ಕಿಂತ ನಾಜೂಕಾಗಿತ್ತು. 70 ಟಿಬಿಯ ಮೂರು ಪ್ರತಿ ಅಂದರೆ 210 ಟಿಬಿ ಆಗಲೇ ತುಂಬಿತ್ತು. ಹೊಸ ಪೂಲಿಗೆ 105 ಬೇಕು. ಕೂಡಿಸಿದರೆ 315, ನಮ್ಮಲ್ಲಿರುವುದು 288. ಎಲ್ಲವನ್ನೂ ನಕಲು ಮಾಡಿ ಆಮೇಲೆ ಹಳೆಯದನ್ನು ಅಳಿಸುವ ಹಾಗಿಲ್ಲ. ಒಂದೊಂದು ಫೋಲ್ಡರ್ ನಕಲು ಮಾಡಬೇಕು, ಎರಡರ ಚೆಕ್‌ಸಮ್ ಹೋಲಿಸಬೇಕು, ಸರಿಯಿದ್ದರೆ ಹಳೆಯದನ್ನು ಅಳಿಸಬೇಕು. 1 ಟಿಬಿ ಸಾಗಿಸಿದರೆ 1.5 ಹೋಗಿ 3 ಬರುತ್ತದೆ. ಅಳಿಸಿದ ತಕ್ಷಣ ಜಾಗ ವಾಪಸ್ ಬರುವುದಿಲ್ಲ, ಹಿಂದೆ ನಿಧಾನವಾಗಿ ಅಳಿಯುತ್ತಾ ಹೋಗುತ್ತದೆ. ಅದಕ್ಕೂ ಕಾಯಬೇಕು. ರಾತ್ರಿ ಎಂಟರಿಂದ ಬೆಳಗ್ಗೆ ಆರರ ತನಕ ಮಾತ್ರ ಸಾಗಿಸಿದೆವು. ಪರೀಕ್ಷೆಯೂ ಸೇರಿ ಸುಮಾರು ಒಂದು ತಿಂಗಳು ಹಿಡಿಯಿತು.

ಆಮೇಲಿನ ಮೊದಲ ಸೋಮವಾರ ಪುಟಗಳು ಒತ್ತಿದ ಕೂಡಲೇ ತೆರೆದವು. ಅಕ್ಕ ಕಾಗದದ ಪ್ರತಿ ತಿರುವಲಿಲ್ಲ.

ಆದರೆ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಐದು ವಾರ ಕಳೆದಿತ್ತು. ಎಸ್‌ಎಸ್‌ಡಿಗಳು ಶೇ. 85 ತುಂಬಿವೆ ಎಂದು ಸೆಫ್ ಎಚ್ಚರಿಕೆ ಕೊಟ್ಟಿತು. ನನಗೆ ನಂಬಲಾಗಲಿಲ್ಲ. ಮೂರು ಪ್ರತಿ ಕಳೆದು, ಶೇ. 85ರ ಮಿತಿ ಹಿಡಿದರೂ ಎಸ್‌ಎಸ್‌ಡಿಯಲ್ಲಿ 6.5 ಟಿಬಿ ಸಿಗುತ್ತದೆ. ಓದುವ ಪ್ರತಿಗಳು 2.3 ಟಿಬಿಯಷ್ಟು. ಎರಡು ಮೂರು ವಾರದ ಮೂಲ ಪ್ರತಿಗೆ 2.5 ಟಿಬಿ ಸಾಕು. ಮುಗಿದ ಪುಸ್ತಕಗಳನ್ನು ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಂ ದಿನಾ ರಾತ್ರಿ ಹಗೇವಿಗೆ ಸಾಗಿಸುತ್ತಿತ್ತು. ಹೋಗಿ ನೋಡಿದರೆ ಪುಸ್ತಕಗಳು ಹಗೇವಿನ ಡೈರೆಕ್ಟರಿಯಲ್ಲೇ ಇವೆ!

ಒಂದು ಫೈಲ್ ಯಾವ ಪೂಲಿನಲ್ಲಿದೆ ಎಂದು ಫೈಲನ್ನೇ ಕೇಳಿದೆ. ಎಸ್‌ಎಸ್‌ಡಿ ಎಂದಿತು. ಆಗ ಅರ್ಥವಾಯಿತು. ದಿನದ ಸ್ಕ್ರಿಪ್ಟಿನಲ್ಲಿ ನಾನು ಬರೆದಿದ್ದು ಫೈಲ್ ಸರಿಸುವ ಎಂವಿ (mv) ಆಜ್ಞೆ. ಒಂದೇ ಫೈಲ್ ಸಿಸ್ಟಂ ಒಳಗೆ ಎಂವಿ ಅಂದರೆ ಹೆಸರು ಬದಲಾವಣೆ ಅಷ್ಟೇ. ಡೈರೆಕ್ಟರಿಗೆ ಗೊತ್ತುಮಾಡಿದ ಪೂಲ್ ಅನ್ವಯವಾಗುವುದು ಅಲ್ಲಿ ಹೊಸದಾಗಿ ಹುಟ್ಟುವ ಫೈಲುಗಳಿಗೆ ಮಾತ್ರ. ಆಗಲೇ ಇರುವ ಫೈಲ್ ತಾನು ಹುಟ್ಟಿದ ಪೂಲಿನಲ್ಲೇ ಉಳಿಯುತ್ತದೆ. ಹೆಸರು ಹಗೇವಿಗೆ ಹೋಯಿತು, ರಾಗಿ ಡಬ್ಬದಲ್ಲೇ ಇತ್ತು. ಹಳೆಯ 70 ಟಿಬಿಯನ್ನು ನಕಲು ಮಾಡಿ ಸಾಗಿಸಿದ್ದರಿಂದ ಅದು ಸರಿಯಾಗಿ ಹೋಗಿತ್ತು.

ಹಡೂಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಸಂಗ್ರಹ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ನಲ್ಲೂ ಇಂಥದೇ ಮಾತಿದೆ. ಡೇಟಾ ಯಾವ ಬಗೆಯ ಡಿಸ್ಕಿನಲ್ಲಿರಬೇಕು ಎಂದು ಹೇಳುವ ಹಾಟ್, ವಾರ್ಮ್, ಕೋಲ್ಡ್ ಎಂಬ ನೀತಿಗಳು ಅಲ್ಲಿವೆ. ಒಂದು ಡೈರೆಕ್ಟರಿಯ ನೀತಿ ಬದಲಿಸಿದ ಮಾತ್ರಕ್ಕೆ ಹಳೆಯ ತುಂಡುಗಳು ಕದಲುವುದಿಲ್ಲ. ಮೂವರ್‌ನಂಥ ಒಂದು ಪ್ರೋಗ್ರಾಂ ಓಡಿಸಿದರೆ ಮಾತ್ರ ಜಾಗ ಬದಲಾಗುತ್ತದೆ. ಯಾವ ವ್ಯವಸ್ಥೆಯಾದರೂ ನಿಯಮ ಬರೆದ ಮೇಲೆ ಒಂದು ಫೈಲನ್ನು ಹಿಡಿದು, ನಿಜವಾಗಿ ಎಲ್ಲಿದ್ದೀಯ ಎಂದು ಕೇಳಿ ನೋಡಬೇಕು. ಈಗ ನಮ್ಮ ಸ್ಕ್ರಿಪ್ಟ್ ಹಗೇವಿನಲ್ಲಿ ಹೊಸ ಫೈಲಾಗಿ ನಕಲು ಮಾಡುತ್ತದೆ, ಚೆಕ್‌ಸಮ್ ಹೋಲಿಸುತ್ತದೆ, ಪೂಲಿನ ಹೆಸರು ಓದಿ ಖಚಿತ ಮಾಡಿಕೊಳ್ಳುತ್ತದೆ, ಆಮೇಲೆ ಹಳೆಯದನ್ನು ಅಳಿಸುತ್ತದೆ.

ಚೆಕ್‌ಸಮ್ ಪರೀಕ್ಷೆ ಈಗಲೂ ಶನಿವಾರ ರಾತ್ರಿ ನಡೆಯುತ್ತದೆ. ಹಾರ್ಡ್ ಡಿಸ್ಕಿನಿಂದ ಓದುತ್ತದೆ, ಎಸ್‌ಎಸ್‌ಡಿಯಲ್ಲಿರುವ ಪುಟಗಳನ್ನು ಕದಲಿಸುವುದೇ ಇಲ್ಲ. ಕೆಲವೊಮ್ಮೆ ಪ್ರಕಾಶಕರು ಬಂದು ಮರುಮುದ್ರಣಕ್ಕೆ ಮೂಲ ಪ್ರತಿ ಕೇಳುತ್ತಾರೆ. 400 ಪುಟದ ಪುಸ್ತಕ ಅಂದರೆ 18 ಜಿಬಿ ಚಿಲ್ಲರೆ. ಒಂದೇ ಸಮನೆ ಓದುವುದರಿಂದ ಎರಡು ನಿಮಿಷದ ಆಸುಪಾಸಿನಲ್ಲಿ ಕೈಗೆ ಬರುತ್ತದೆ.

ನನಗೆ ಉಳಿದಿದ್ದ ಚಿಂತೆ ಒಂದೇ. 4+2ಕ್ಕೆ ಆರು ಸರ್ವರ್ ಬೇಕು, ನಮ್ಮಲ್ಲಿ ಇದ್ದದ್ದೂ ಆರೇ. ಒಂದು ಕೆಟ್ಟರೆ ಅದರ ತುಂಡುಗಳನ್ನು ಮತ್ತೆ ಕಟ್ಟಿ ಇಡುವುದಕ್ಕೆ ಏಳನೆಯ ಜಾಗ ಇರಲಿಲ್ಲ. ಅದು ರಿಪೇರಿಯಾಗುವಷ್ಟರಲ್ಲಿ ಇನ್ನೊಂದು ನಿಂತರೆ ಡೇಟಾ ಹೋಗುವುದಿಲ್ಲ, ಆದರೆ ಕನಿಷ್ಠ ಐದು ತುಂಡು ಇಲ್ಲದೆ ಪೂಲ್ ಕೆಲಸ ನಿಲ್ಲಿಸುತ್ತದೆ. ಇದನ್ನು ಸಭೆಯ ಮುಂದೆ ಇಟ್ಟೆ. ಏಳನೆಯ ಸರ್ವರ್ ಬಂತು. ಅದನ್ನು ಸೇರಿಸಿದಾಗ ಎಲ್ಲ ಡಿಸ್ಕುಗಳಿಂದ ಸ್ವಲ್ಪ ಸ್ವಲ್ಪ ಡೇಟಾ ಅದರ ಕಡೆ ಹರಿಯುತ್ತದೆ. ಹಗಲು ಅದನ್ನು ತಡೆದು, ರಾತ್ರಿ ಮಾತ್ರ ಬಿಟ್ಟೆ. ಮೊದಲ ವಾರ ಮುಗಿದ ಸೋಮವಾರ ಮೇಲೆ ಹೋಗಿ ಅಕ್ಕನ ಪಕ್ಕ ನಿಂತೆ.

"ಇವತ್ತು ಏನಾದರೂ ನಿಧಾನ ಅನ್ನಿಸ್ತಾ ಅಕ್ಕ?"

"ಇಲ್ವಲ್ಲಪ್ಪಾ" ಅಂದರು, ಪುಟದಿಂದ ಕಣ್ಣು ತೆಗೆಯದೆ. "ಯಾಕೆ, ಏನು ಮಾಡ್ತಿದ್ದೀಯಾ?"